ತೋಳಿನ ಅಗಲ

ಹಾಯ್ಟ್ ಪ್ರೂಯಿಟ್‌ಗೆ ವೇಗವಾಗಿ ಓಡಲು ಬರುತ್ತಿರಲಿಲ್ಲ, ಚೆಂಡನ್ನು ದೂರಕ್ಕೆ ಹೊಡೆಯಲೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಒಂದೇ, ಪೆಟ್ಟು ತಿನ್ನುವುದು. ಬೇಸ್‌ಬಾಲಿನಲ್ಲಿ ಬ್ಯಾಟು ಹಿಡಿದವನ ಮೈಗೆ ಎಸೆತದ ಚೆಂಡು ತಾಗಿದರೆ ಅವನಿಗೆ ಮೊದಲ ಬೇಸು, ಅಂದರೆ ಓಟದ ಮೊದಲ ಠಾಣೆ, ಬಿಟ್ಟಿ. ಹಾಗೆಂದು ಯಾರೂ ಬೇಕೆಂದೇ ತಾಗಿಸಿಕೊಳ್ಳುವುದಿಲ್ಲ, ಚೆಂಡು ಮೈಮೇಲೆ ಬಂದರೆ ಹಾರಿ ಹಿಂದೆ ಸರಿಯುತ್ತಾರೆ. ಹಾಯ್ಟ್ ಮಾತ್ರ ಸರಿಯುವುದರಲ್ಲಿ ಸ್ವಲ್ಪ ನಿಧಾನ. ಭುಜಕ್ಕೋ ಬೆನ್ನಿಗೋ ಏಟು ಬಿದ್ದ ಮೇಲೆ ಬ್ಯಾಟನ್ನು ಮೆಲ್ಲಗೆ ನೆಲದಲ್ಲಿಟ್ಟು, ಏನೂ ಆಗದವನಂತೆ ಮೊದಲ ಬೇಸಿಗೆ ನಡೆದುಹೋಗುವನು. ಏಟು ಬಿದ್ದ ಜಾಗವನ್ನು ಉಜ್ಜಿಕೊಳ್ಳುವುದು ಅವನ ಮಟ್ಟಿಗೆ ಮರ್ಯಾದೆಗೇಡು.

"ಹೆಂಡ್ತಿ ಕೈಲಿ ತಿಂದು ತಿಂದು ಅಭ್ಯಾಸ ಆಗಿದೆ ಕಣ್ರೋ!" ಎಂದು ಯಾರಾದರೂ ಕೂಗಿದರೆ, ಗ್ಯಾಲರಿಯಲ್ಲಿ ಮೂರು ಮಕ್ಕಳನ್ನು ಕಟ್ಟಿಕೊಂಡು ಕೂತ ಒಲೀಟಾಳೂ ಎಲ್ಲರ ಜೊತೆ ನಗುತ್ತಿದ್ದಳು. ಆಮೇಲೆ ಮನೆಯಲ್ಲಿ ನೀಲಿಗಟ್ಟಿದ ಬೆನ್ನಿಗೆ ವಿನೆಗರಿನಲ್ಲಿ ಅದ್ದಿದ ಬಟ್ಟೆ ಹಾಕುವವಳು ಅವಳೇ.

ಆ ಬೇಸಿಗೆಯಲ್ಲಿ ಪತ್ರಿಕೆಯವನೊಬ್ಬ ಹಳೆಯದನ್ನೆಲ್ಲ ಕೆದಕಿ ಒಂದು ಸಂಗತಿ ಬರೆದ. ಯುದ್ಧಕ್ಕೆ ಮೊದಲು ನಮ್ಮ ಲೀಗಿನಲ್ಲಿ ಯಾರೋ ಒಬ್ಬ ಒಂದೇ ಹಂಗಾಮಿನಲ್ಲಿ ಮೂವತ್ತೊಂದು ಸಲ ಪೆಟ್ಟು ತಿಂದಿದ್ದನಂತೆ, ಅದೇ ದಾಖಲೆಯಂತೆ. ಅಂಥದ್ದೊಂದು ದಾಖಲೆ ಇದೆಯೆಂದು ಅಲ್ಲಿಯತನಕ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಮ್ಮೂರು ಕಾಲ್ಡರ್ ಮಿಲ್ಸ್‌ಗೆ ಅದು ಬೇಕೇ ಬೇಕಾಯಿತು. ಕಾಲುಚೀಲದ ಗಿರಣಿ ಬಿಟ್ಟರೆ ನಮ್ಮೂರಿಗೆ ಬೇರೆ ಹೆಸರಿರಲಿಲ್ಲ.

ತಂಡದ ಯಜಮಾನ ಟ್ಯಾಲಿ. ದನದ ಮೇವು, ಕೋಳಿಕಾಳು ಮಾರುವ ಅಂಗಡಿ ಅವನದು. ಅವನು ಹಾಯ್ಟ್‌ನನ್ನು ಅಂಗಡಿಗೆ ಕರೆಸಿ ಮೂಟೆಯ ಮೇಲೆ ಕೂರಿಸಿದ.

"ನೋಡಪ್ಪಾ, ದಾಖಲೆ ಮುರಿ. ಬರೋ ವರ್ಷ ನಿನ್ನ ಕೋಚ್ ಮಾಡಿ ಇಟ್ಕೋತೀನಿ. ಜನ ನಿನ್ನ ಮುಖ ನೋಡಕ್ಕಾದ್ರೂ ಬರ್ತಾರೆ. ಮುರೀಲಿಲ್ಲಾಂದ್ರೆ ಬೇಜಾರು ಮಾಡ್ಕೋಬೇಡ. ವಯಸ್ಸಾದ ಆಟಗಾರನ್ನ ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?"

ಆಟ ಬಿಟ್ಟರೆ ಹಾಯ್ಟ್‌ಗೆ ಇದ್ದದ್ದು ಗಿರಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆ. ಮದುವೆಯಾದ ಹೊಸದರಲ್ಲಿ ಅವನು ಅಲ್ಲೇ ಇದ್ದ. ಕೆಮ್ಮಿದರೆ ಕರವಸ್ತ್ರ ನೀಲಿಯಾಗುತ್ತಿತ್ತು. ಅವನ ಅಣ್ಣ ಅಲ್ಲೇ ಕೆಮ್ಮಿ ಕೆಮ್ಮಿ ನಲವತ್ತು ತುಂಬುವ ಮೊದಲೇ ಹೋದ. ಕೋಚ್ ಕೆಲಸ ಸಿಕ್ಕರೆ ಮತ್ತೆ ಆ ಬಾಗಿಲು ತುಳಿಯಬೇಕಿಲ್ಲ. ಒಲೀಟಾಳಿಗೆ ದಾಖಲೆಯ ಗೊಡವೆ ಇರಲಿಲ್ಲ. ಆ ಬಾಗಿಲು ಮಾತ್ರ ಬೇಡವಾಗಿತ್ತು.

ಆಗಸ್ಟಿನ ಹೊತ್ತಿಗೆ ಹಾಯ್ಟ್ ಮೂವತ್ತೊಂದನ್ನು ಮುಟ್ಟಿದ. ಆ ಮೂವತ್ತೊಂದನೆಯದು ಪಕ್ಕೆಯ ಎಲುಬು ಸೀಳಿತು. ಪಟ್ಟಿ ಬಿಗಿದುಕೊಂಡು ಮತ್ತೆ ಆಡಲು ನಿಂತನೇನೋ ನಿಜ, ಆದರೆ ಈಗ ಚೆಂಡು ಒಳಗೆ ಬಂದರೆ ಸಾಕು, ಮೈ ತಾನಾಗಿಯೇ ಹಿಂದಕ್ಕೆ ಜಿಗಿಯುತ್ತಿತ್ತು. ಮನಸ್ಸು ನಿಲ್ಲು ಎನ್ನುವುದು, ಮೈ ಕೇಳದು. ಹೀಗೇ ಒಂದೊಂದು ಆಟವೂ ಕಳೆದು, ಸೆಪ್ಟೆಂಬರ್ ಮೊದಲ ಸೋಮವಾರ ಬರುವ ಕಾರ್ಮಿಕರ ದಿನದ ಕೊನೆಯ ಆಟವೊಂದೇ ಉಳಿಯಿತು.

ಉಪಾಯ ಹೇಳಿದವಳು ಒಲೀಟಾ. ತಂಡದ ಉಣ್ಣೆ ಅಂಗಿಗಳನ್ನು ಒಗೆದು ಹರಿದದ್ದನ್ನು ಹೊಲಿದುಕೊಡುವ ಕೆಲಸ ಅವಳದು. ಆ ಆಟದ ದಿನ ಬೆಳಗ್ಗೆ ಅಡುಗೆಮನೆಯ ಮೇಜಿನ ಮೇಲೆ ಗಂಡನ ಅಂಗಿ ಹರಡಿಕೊಂಡಿದ್ದಳು. ಒಲೆಯ ಮೇಲೆ ಹುರುಳಿಕಾಯಿ ಬೇಯುತ್ತಿತ್ತು.

"ಚೆಂಡು ಬಟ್ಟೆಗೆ ತಾಗಿದ್ರೂ ಲೆಕ್ಕಾನೇ ಅಲ್ವಾ?"

"ಹೌದು. ಬಟ್ಟೆ ಆದ್ರೇನು, ಮೈ ಆದ್ರೇನು."

"ಹಂಗಾದ್ರೆ ಮೈ ಯಾಕೆ ಕೊಡ್ತೀಯ? ಬಟ್ಟೆ ಕೊಡು."

ಹಾಯ್ಟ್ ಕಾಫಿ ಲೋಟ ಕೆಳಗಿಟ್ಟ. ಅವಳು ಹೇಳಿದ್ದು ಅವನಿಗೆ ಅರ್ಥವಾಗಿತ್ತು. ಆದರೂ ಅರ್ಥವಾಗದವನಂತೆ ಕಿಟಕಿಯ ಕಡೆ ನೋಡಿದ.

"ಯಾರಿಗಾದ್ರೂ ಕಂಡ್ರೆ?"

"ನಾನು ಹೊಲಿದದ್ದು ಕಾಣತ್ತಾ?" ಎಂದಳು ಒಲೀಟಾ. ಆ ಮಾತಿನಲ್ಲಿ ಜಂಬವಿತ್ತು, ಸುಳ್ಳಿರಲಿಲ್ಲ. ಗಿರಣಿಯಲ್ಲಿ ಕಾಲುಚೀಲದ ತುದಿ ಮುಚ್ಚುವ ಯಂತ್ರದ ಮುಂದೆ ಕೂರುವವಳು ಅವಳು. ಊರಿನ ಅರ್ಧದಷ್ಟು ಮದುವೆಯ ಗೌನುಗಳು ಅವಳ ಕೈಯಿಂದಲೇ ಹೋಗಿದ್ದವು.

ಹಾಯ್ಟ್ ಬ್ಯಾಟು ಹಿಡಿದು ನಿಂತಾಗ ಎಸೆಯುವವನಿಗೆ ಎದುರಾಗುವುದು ಎಡಗೈ. ಆ ಕಡೆಯ ತೋಳಿನ ಕಂಕುಳ ಹೊಲಿಗೆ ಬಿಚ್ಚಿ, ಎಸೆದಿದ್ದ ಹಳೆಯ ಅಂಗಿಯೊಂದರಿಂದ ಅದೇ ಬಣ್ಣದ ತುಂಡು ಕತ್ತರಿಸಿ ಒಳಗೆ ಸೇರಿಸಿದಳು. ಒಂಬತ್ತು ವರ್ಷದ ಮಗಳು ನೆಲ್ಡಾ ಗುಂಡುಸೂಜಿಗಳನ್ನು ಒಂದೊಂದಾಗಿ ಕೊಡುತ್ತಾ ಪಕ್ಕದಲ್ಲಿ ನಿಂತಿದ್ದಳು.

"ಅಪ್ಪಂಗೆ ಯಾಕಮ್ಮ ದೊಡ್ಡ ತೋಳು?"

"ಸೆಖೆ. ಗಾಳಿ ಆಡ್ಲಿ ಅಂತ."

"ಒಂದೇ ಕೈಗಾ?"

"ಸೂಜಿ ಕೊಡೇ ಸುಮ್ನೆ."

ಇಸ್ತ್ರಿ ಹಾಕಿ ಎತ್ತಿ ಹಿಡಿದಾಗ ಒಲೀಟಾಳಿಗೇ ಬೆರಗಾಯಿತು. ಇಷ್ಟು ಒಪ್ಪವಾದ ಹೊಲಿಗೆ ಅವಳು ಹಿಂದೆಂದೂ ಹಾಕಿರಲಿಲ್ಲ. ಹಾಯ್ಟ್ ತೊಟ್ಟು ನೋಡಿದ. ಕೈ ಮಡಿಸಿದರೆ ಏನೂ ಕಾಣದು. ಬ್ಯಾಟು ಎತ್ತಿ ನಿಂತರೆ ಬಟ್ಟೆ ರೆಕ್ಕೆಯಂತೆ ಇಳಿಬೀಳುತ್ತಿತ್ತು.

ಕಾರ್ಮಿಕರ ದಿನ ಗಿರಣಿಗೆ ರಜೆ, ಊರಿಗೆ ಊರೇ ಮೈದಾನದಲ್ಲಿ ಸೇರಿತ್ತು. ಒಲೀಟಾಳ ಪಕ್ಕದಲ್ಲಿ ನೆರೆಮನೆಯ ಮರ್ಟಿ ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಬಿಚ್ಚಿ ಕೂತಿದ್ದಳು.

"ತಿನ್ನೇ. ಪೆಟ್ಟು ತಿನ್ನೋನು ಅವನು, ನೀನ್ಯಾಕೆ ಉಪವಾಸ?"

ಒಲೀಟಾ ಒಂದು ಕಾಯಿ ತೆಗೆದುಕೊಂಡಳು. ಸುಲಿಯುವುದನ್ನು ಮರೆತು ಹಾಗೇ ಕೈಯಲ್ಲಿ ಹಿಡಿದಿದ್ದಳು.

ಆಟ ಅರ್ಧ ಕಳೆದಿತ್ತು. ಎದುರು ತಂಡದ ಎಸೆತಗಾರ ಮೊದಲೆರಡು ಸಲವೂ ಹಾಯ್ಟ್‌ನಿಂದ ದೂರಕ್ಕೇ ಎಸೆದಿದ್ದ. ಮೂರನೆಯ ಸಲ ಕೈ ಬೆವೆತಿತ್ತೋ ಏನೋ, ಚೆಂಡು ಒಳಗೆ ಬಾಗಿ ಬಂತು. ಹಾಯ್ಟ್‌ನ ಮೈ ಎಂದಿನಂತೆ ಹಿಂದಕ್ಕೆ ಜಿಗಿಯಿತು. ಬಟ್ಟೆ ಮಾತ್ರ ಅಲ್ಲೇ ಉಳಿಯಿತು. 'ಫಟ್' ಎಂದು, ಒದ್ದೆ ಬಟ್ಟೆ ಒದರಿದಂಥ ಸದ್ದು. ಅಂಪೈರ್ ಕ್ರೆನ್ಷಾ ಮೊದಲ ಬೇಸಿನ ಕಡೆ ಕೈ ತೋರಿಸಿದ.

ಟೋಪಿಗಳು ಮೇಲೆ ಹಾರಿದವು. ಗಿರಣಿಯ ಬ್ಯಾಂಡಿನವರು ಒಬ್ಬೊಬ್ಬರು ಒಂದೊಂದು ಹಾಡು ಊದತೊಡಗಿದರು. ಮರ್ಟಿ ಒಲೀಟಾಳನ್ನು ಅಪ್ಪಿಕೊಂಡು ಕಡಲೆಕಾಯಿಯನ್ನೆಲ್ಲ ಅವಳ ಮಡಿಲಿಗೆ ಸುರಿದಳು. ಒಲೀಟಾ ಅತ್ತಳು. ಬಣ್ಣದ ಮನೆಯ ಬಾಗಿಲು ಮುಚ್ಚಿತು ಎಂದೇ ಅವಳು ಅತ್ತದ್ದು.

ಅಷ್ಟರಲ್ಲಿ ಎದುರು ತಂಡದ ಮ್ಯಾನೇಜರ್ ರಾಬಿನೆಟ್, ಕೆಂಪು ಮುಖದ ದಪ್ಪ ಮನುಷ್ಯ, ದಾಪುಗಾಲು ಹಾಕುತ್ತಾ ಮೈದಾನಕ್ಕೆ ಬಂದ.

"ಕ್ರೆನ್ಷಾ, ಅದೇನು ತೋಳಾ, ದಿಂಬಿನ ಚೀಲಾನಾ? ಅದ್ರೊಳಗೆ ನನ್ನ ಅತ್ತೆ ಮಲಗ್ಬಹುದು!"

"ನಿಮ್ಮತ್ತೆ ಹಿಡಿಯಲ್ಲ ಬಿಡು, ನಾನು ನೋಡಿದೀನಿ," ಎಂದು ಗ್ಯಾಲರಿಯಿಂದ ಯಾರೋ ಕೂಗಿದರು.

ನಗು ಇಳಿಯುವ ಮೊದಲೇ ಕ್ರೆನ್ಷಾ ಹಾಯ್ಟ್‌ನನ್ನು ವಾಪಸು ಕರೆದ. "ಎರಡೂ ಕೈ ಚಾಚು" ಎಂದ. ಹಾಯ್ಟ್ ಚಾಚಿದ. ಬಲಗೈ ತೋಳು ರಟ್ಟೆಗೆ ಅಂಟಿಕೊಂಡಿತ್ತು. ಎಡಗಡೆಯದು ಕೋಳಿಯ ಪುಕ್ಕದಂತೆ ಜೋತು ಬಿತ್ತು. ಬ್ಯಾಂಡು ನಿಂತಿತು. ಕ್ರೆನ್ಷಾ ಕಂಕುಳ ಹತ್ತಿರದ ಹೊಲಿಗೆಯ ಮೇಲೆ ಬೆರಳಾಡಿಸಿದ.

"ಯಾರು ಹೊಲಿದದ್ದು?"

ಹಾಯ್ಟ್ ಗ್ಯಾಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

"ನನ್ನ ಹೆಂಡ್ತಿ ಸರ್. ಹಗಲೆಲ್ಲ ಗಿರಣೀಲಿ ದುಡೀತಾಳೆ, ಮೂರು ಮಕ್ಳು ಬೇರೆ. ತೂಕಡಿಸ್ಕೊಂಡು ಹೊಲೀತಾಳೆ. ಕೈ ಜಾರಿದೆ."

ಗ್ಯಾಲರಿ ಹೋ ಎಂದು ನಕ್ಕಿತು.

ಒಲೀಟಾಳ ಕಿವಿ ಬಿಸಿಯಾಯಿತು. ತೂಕಡಿಸಿಕೊಂಡು. ಕೈ ಜಾರಿ. ತನ್ನನ್ನು ಕುರಿತು ಈ ಊರಿನಲ್ಲಿ ಯಾರೂ ಆಡದ ಮಾತನ್ನು ತನ್ನ ಗಂಡ ಊರೆಲ್ಲ ಕೂತಿರುವಾಗ ಆಡಿದ್ದ. ಎದ್ದು ನಿಂತು, ನನ್ನ ಕೈ ಈ ಜನ್ಮದಲ್ಲಿ ಜಾರಿಲ್ಲ ಎಂದು ಕೂಗಿಬಿಡೋಣ ಎನ್ನಿಸಿತು. ಎದ್ದೂ ನಿಂತಳು. ಆಗಲೇ ಕ್ರೆನ್ಷಾ ತಂತಿ ಬಲೆಯ ಹತ್ತಿರ ಬಂದು, ಟೋಪಿ ತೆಗೆದು, ಅವಳನ್ನೇ ನೋಡುತ್ತಿದ್ದ.

"ಹೌದೇನಮ್ಮಾ? ಕೈ ಜಾರಿದ್ದಾ?"

ಅವನ ಹಿಂದೆ ಹಾಯ್ಟ್ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ, ಇಳಿಸು ಎಂದು ಯಾರೂ ಹೇಳಿರಲಿಲ್ಲ. ಒಂದೇ ಸಲ ಅವಳ ಕಡೆ ನೋಡಿ ಕಣ್ಣು ಕೆಳಗೆ ಹಾಕಿದ.

"ಹೌದು ಸರ್," ಎಂದಳು ಒಲೀಟಾ. "ಕೈ ಜಾರ್ತು."

"ಸರಿ," ಎಂದು ಕ್ರೆನ್ಷಾ ಟೋಪಿ ಹಾಕಿಕೊಂಡ. ರಾಬಿನೆಟ್ ಕಾಲಲ್ಲಿ ಮಣ್ಣು ಒದ್ದ. ಗ್ಯಾಲರಿ ಇನ್ನೊಮ್ಮೆ ನಕ್ಕು ಚಪ್ಪಾಳೆ ತಟ್ಟಿತು. ಹಾಯ್ಟ್ ಮೊದಲ ಬೇಸಿಗೆ ನಡೆದುಹೋದ. ನಡೆಯುತ್ತಾ ಎಡ ರಟ್ಟೆಯನ್ನು ಉಜ್ಜಿಕೊಂಡ. ಅಲ್ಲಿ ಏನೂ ತಾಗಿರಲಿಲ್ಲ.

ಒಲೀಟಾ ಕೂತಳು. ಹೋಗಲಿ, ಎಂದುಕೊಂಡಳು. ಹೊಲಿಗೆ ಬಾರದವಳು ಎಂದುಕೊಳ್ಳಲಿ. ಎರಡು ಗೌನು ಕಡಿಮೆ ಬಂದಾವು. ಬಣ್ಣದ ಮನೆಯಿಂದ ಉಳಿದ ಅವನ ಎದೆಗೂಡಿಗಿಂತ ದೊಡ್ಡದಲ್ಲ ಅದು. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಾ, ಹಿಂದೆ ಕೂತ ಹೆಂಗಸರ ಕಡೆ ಒಮ್ಮೆಯೂ ತಿರುಗದೆ ಆಟ ಮುಗಿಸಿದಳು.

ಆಟ ಮುಗಿದ ಮೇಲೆ ಲಾರಿ, ಕಾರುಗಳು ನಿಂತಿದ್ದ ಕಡೆ ಟ್ಯಾಲಿ ಸಿಗಾರ್ ಕಚ್ಚಿಕೊಂಡು ಬಂದ. ಹಾಯ್ಟ್ ಸ್ನಾನ ಮಾಡಿ ತಲೆ ಬಾಚಿಕೊಂಡು ಹೆಂಡತಿಯಿಂದ ಎರಡು ಮಾರು ದೂರದಲ್ಲಿ ನಿಂತಿದ್ದ. ಇಬ್ಬರೂ ಇನ್ನೂ ಮಾತಾಡಿರಲಿಲ್ಲ.

"ಬಾರಯ್ಯಾ, ದಾಖಲೆ ವೀರ! ಏಪ್ರಿಲ್‌ನಲ್ಲಿ ಬಾ. ಕೋಚ್ ಟೋಪಿ ರೆಡಿ ಇರತ್ತೆ."

ಟ್ಯಾಲಿ ಚಾಚಿದ ಕೈಯನ್ನು ಹಾಯ್ಟ್ ಹಿಡಿಯಲಿಲ್ಲ.

"ಮಿಸ್ಟರ್ ಟ್ಯಾಲಿ, ಒಂದು ಮಾತು. ಅವಳ ಕೈ ಜಾರ್ಲಿಲ್ಲ. ನಾನು ಅಲ್ಲಿ..."

"ಹಾಯ್ಟ್!" ಒಲೀಟಾ ಅವನ ತೋಳು ಜಗ್ಗಿದಳು.

"ಇಲ್ಲ, ಹೇಳ್ಬಿಡ್ತೀನಿ. ನಾನು ಸುಳ್ಳು ಹೇಳ್ದೆ. ಕೆಲ್ಸ ಹೋದ್ರೆ ಹೋಗ್ಲಿ. ನಾಲ್ಕು ಜನದ ಮುಂದೆ ಅವಳ ಹೆಸರು ಕೆಡಿಸ್ದೆ."

ಟ್ಯಾಲಿ ಸಿಗಾರನ್ನು ಬಾಯಿಂದ ತೆಗೆದ. ಇಬ್ಬರ ಮುಖವನ್ನೂ ನೋಡಿ, ಹೊಟ್ಟೆ ಕುಣಿಯುವಂತೆ ನಕ್ಕ.

"ಅಯ್ಯೋ ದೇವರೇ! ಹೆಸರು ಕೆಡ್ತಂತೆ! ಅಲ್ಲಯ್ಯಾ, ನನ್ನ ಮಗಳ ಮದುವೆ ಗೌನು ಹೊಲಿದೋಳಿವಳು. ಇವಳ ಕೈ ಜಾರ್ತು ಅಂದ್ರೆ ಈ ಊರಲ್ಲಿ ನಂಬೋನು ಯಾವನಿದಾನೆ? ಕ್ರೆನ್ಷಾ ಏನು ಕುರುಡನಾ, ಬೆರಳಾಡಿಸಿ ನೋಡ್ಲಿಲ್ವಾ? ಅವನ ರೂಲಿನಲ್ಲಿ ತೋಳಿನ ಉದ್ದ ಬರೆದಿದೆ, ಅಗಲ ಬರೆದಿಲ್ಲ. ಅಷ್ಟೇ. ಜನ ಯಾಕೆ ನಕ್ರು ಅಂದ್ಕೊಂಡೆ? ಗಂಡ ಹೆಂಡ್ತಿ ಇಬ್ರೂ ಕಣ್ಣು ಮಿಟುಕಿಸ್ದೆ ಹೆಂಗೆ ಹೇಳಿದ್ರಪ್ಪಾ ಅಂತ!"

ಒಲೀಟಾಳ ಕಡೆ ತಿರುಗಿ ಟೋಪಿ ಮುಟ್ಟಿದ. "ಶಭಾಷ್, ಮಿಸೆಸ್ ಪ್ರೂಯಿಟ್. ಇವನಿಗಿಂತ ನೀವೇ ಚೆನ್ನಾಗಿ ಹೇಳಿದ್ರಿ."

ಟ್ಯಾಲಿ ಮತ್ತೆ ಕೈ ಚಾಚಿದ. ಹಾಯ್ಟ್ ಅದನ್ನು ಹಿಡಿದು ಕುಲುಕಿದ.

ಹೊಲಿಗೆ ಬಾರದವಳು ಎಂದು ನಕ್ಕಿದ್ದರೆ ಒಲೀಟಾ ತಡೆದುಕೊಳ್ಳುತ್ತಿದ್ದಳು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಕೂತಿದ್ದಳು. ಆದರೆ ಅವರು ಅವಳ ಕೈಯನ್ನು ಚೆನ್ನಾಗಿ ಬಲ್ಲವರು. ಬಲ್ಲವರಾದ್ದರಿಂದಲೇ ನಕ್ಕಿದ್ದರು. ಗೌನಿನ ಅಳತೆ ಕೊಡಲು ಬಂದಾಗ ಅವಳೆದುರು ಕೈ ಎತ್ತಿ ನಿಂತ ಹೆಂಗಸರೆಲ್ಲ ಅವಳು ಬಲೆಯ ಹಿಂದೆ ನಿಂತು 'ಹೌದು ಸರ್' ಎಂದು ಸುಳ್ಳಾಡಿದ್ದನ್ನು ನೋಡಿದ್ದರು. ನಾಳೆ ಬೆಳಗ್ಗೆ ಅದೇ ಹೆಂಗಸರ ಸಾಲಿನಲ್ಲಿ ಕೂತು ಅವಳು ಯಂತ್ರ ನಡೆಸಬೇಕು. ಮರ್ಟಿ ಆಗಲೇ ಬಂದು ಸೊಂಟ ತಿವಿದು, "ನಮ್ಮನೆಯವನ ಜೇಬಿನ ಹತ್ರಾನೂ ಸ್ವಲ್ಪ ಕೈ ಜಾರ್ಸೇ, ಸಂಬಳ ಅಲ್ಲೇ ಉಳೀಲಿ" ಎಂದು ಹೇಳಿ ಹೋದಳು. ಅದರಲ್ಲಿ ಕುಹಕವೇನೂ ಇರಲಿಲ್ಲ. ಕುಹಕವಿದ್ದಿದ್ದರೆ ತಿರುಗಿ ಒಂದು ಮಾತು ಅನ್ನಬಹುದಿತ್ತು.

ಮನೆಯ ಕಡೆ ನಡೆದರು. ಹಾಯ್ಟ್ ಚಿಕ್ಕವನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ, ನಡುವಿನವನು ಅವನ ಬೆಲ್ಟು ಹಿಡಿದು ನೇತಾಡುತ್ತಿದ್ದ.

"ಒಲೀಟಾ," ಎಂದ ಹಾಯ್ಟ್. "ಅಲ್ಲಿ ಬಾಯಿಗೆ ಬೇರೇನೂ ಬರ್ಲಿಲ್ಲ ನಂಗೆ."

"ನಂಗೂ ಬರ್ಲಿಲ್ಲ ಬಿಡು."

ನೆಲ್ಡಾ ಅಮ್ಮನ ಕೈ ಹಿಡಿದು ಕುಣಿಯುತ್ತಾ ಬರುತ್ತಿದ್ದಳು.

"ಅಮ್ಮ, ಹುಡುಗ್ರೆಲ್ಲ ನನ್ನ ಕೇಳಿದ್ರು, ನಿಜ ಹೇಳು, ನಿಜ ಹೇಳು ಅಂತ. ನಾನು ಸೂಜಿ ಕೊಟ್ಟಿದ್ದು ಹೇಳ್ಲೇ ಇಲ್ಲ. ನಿದ್ದೇಲಿ ಹೊಲಿದ್ಳು, ಕೈ ಜಾರ್ತು ಅಂತಾನೇ ಅಂದೆ. ನಗ್ಲೂ ಇಲ್ಲ." ಮುಖವೆತ್ತಿ ಕೇಳಿದಳು. "ಚೆನ್ನಾಗಿ ಹೇಳ್ದೆ ಅಲ್ವಾ?"

ಹಾಯ್ಟ್ ನಿಂತುಬಿಟ್ಟ. ಒಲೀಟಾ ಬಾಯಿ ತೆರೆದಳು. ಹೌದು ಎನ್ನುವಂತಿಲ್ಲ. ಅಲ್ಲ ಎಂದರೆ, ಮತ್ತೆ ನೀನ್ಯಾಕೆ ಹಾಗಂದೆ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಏನೋ ಒಂದು ಹೇಳಲೇಬೇಕೆಂದು ಉಸಿರು ಎಳೆದುಕೊಳ್ಳುವಾಗ, ರಸ್ತೆಯಾಚೆಯ ಜಗುಲಿಯಲ್ಲಿ ಕೂತಿದ್ದ ಮುದುಕ ಕೂಗಿದ.

"ಏನಮ್ಮಾ ಒಲೀಟಾ! ಕೈ ಹೆಂಗಿದೆ? ಇನ್ನೂ ಜಾರ್ತಾ ಇದೆಯಾ?"

ಜಗುಲಿಯ ತುಂಬ ಜನ. ಎಲ್ಲರೂ ಪ್ರೀತಿಯಿಂದಲೇ ನಗುತ್ತಿದ್ದರು. ಒಲೀಟಾ ಕೈ ಎತ್ತಿ, ಬೆರಳುಗಳನ್ನು ಸಡಿಲವಾಗಿ ಅಲ್ಲಾಡಿಸಿ, ನಕ್ಕಳು.

ನೆಲ್ಡಾ ಅಮ್ಮನನ್ನೇ ನೋಡುತ್ತಿದ್ದಳು. ನೋಡಿ, ತಾನೂ ಹಾಗೆಯೇ ಕೈ ಎತ್ತಿದಳು.