ಎಡಚಿಯ ಮಸಿ

ಕತೆಯಜ್ಜ ಎಂದೇ ಹೆಸರಾಗಿದ್ದ ಲೇಖಕರು ತೀರಿಕೊಂಡ ಮೇಲೆ ಅವರ ಕಾಗದಪತ್ರಗಳು ಪತ್ರಾಗಾರಕ್ಕೆ ಬಂದವು. ಬೆನ್ನಿಗೇ ಮಗಳ ತಕರಾರೂ ಬಂತು. ಮಕ್ಕಳ ಕತೆಗಳನ್ನೆಲ್ಲ ಬರೆದದ್ದು ಅಪ್ಪನಲ್ಲ, ಅಮ್ಮ. ಹೊಸ ಮುದ್ರಣಕ್ಕೆ ಅಮ್ಮನ ಹೆಸರೇ ಬೇಕು ಎಂದಳು.

ಪತ್ರಾಗಾರದ ನಿರ್ದೇಶಕರು ನಕ್ಕರು. "ಅಕ್ಷರ ನೋಡಮ್ಮ, ನಿಮ್ಮಪ್ಪಂದೇ."

ಹೆಂಡತಿಗೆ ಅಕ್ಷರ ತಿದ್ದಿಸಿದ್ದೇ ಆ ಪುಣ್ಯಾತ್ಮ. ಇಬ್ಬರ ಬರಹವೂ ಒಂದೇ ಅಚ್ಚು. ಹಾಗಿರುವಾಗ ಮಗಳ ಮಾತು ಯಾರ ಕಿವಿಗೆ ಬೀಳಬೇಕು?

ಪೆಟ್ಟಿಗೆಗಳು ಪತ್ರಾಗಾರದಾಕೆಯ ಮೇಜಿಗೆ ಬಂದವು. ತುಕ್ಕು ಹಿಡಿದ ಗುಂಡುಪಿನ್ನು ಕೀಳುವುದು, ಧೂಳು ಕೊಡವುವುದು ಅವಳ ಕೆಲಸ. ಸತ್ತವರನ್ನು ಬೈಯುವುದು ಅಭ್ಯಾಸ. ಕತೆಗಳ ಪುಟಗಳಲ್ಲಿ ಸಾಲುಸಾಲಿಗೂ ಮಸಿ ಬಲಕ್ಕೆ ಎಳೆದುಕೊಂಡಿತ್ತು. "ಒಣಗೋವರೆಗೂ ತಡ್ಕೊಳ್ಳೋಕಾಗ್ಲಿಲ್ವಾ ಮಾರಾಯ!" ಎಂದು ಗೊಣಗುತ್ತಾ ಪೆಟ್ಟಿಗೆಯ ಚೀಟಿಯ ಮೇಲೆ 'ಹಾನಿ' ಎಂದು ಬರೆದಳು. ಅಜ್ಜನ ಭಾಷಣದ ಟಿಪ್ಪಣಿಗಳಲ್ಲಿ ಮಾತ್ರ ಒಂದು ಕಲೆಯೂ ಇರಲಿಲ್ಲ.

ಹೊಸ ಮುದ್ರಣದ ಒಪ್ಪಿಗೆ ಪತ್ರಕ್ಕೆ ರುಜು ಹಾಕಲು ಕತೆಯಜ್ಜನ ಹೆಂಡತಿ, ಅಜ್ಜಿ, ಬಂದರು. ಪೆನ್ನು ಎಡಗೈಗೆ ಹೋಯಿತು. ಬರೆಯುತ್ತ ಬರೆಯುತ್ತ ಅಂಗೈಯ ಅಂಚು ಹಸಿ ಮಸಿಯನ್ನು ಬಲಕ್ಕೆ ಎಳೆದುಕೊಂಡು ಹೋಯಿತು.

"ಅಯ್ಯೋ, ಮತ್ತೆ ಪುಟ ಕೆಡಿಸ್ದೆ," ಎಂದು ಅಜ್ಜಿ ನಾಚಿಕೊಂಡರು. "ಎಡಚಿ ಎಡಚಿ ಅಂತ ನಮ್ಮೋರು ಬೈತಾನೇ ಇದ್ರು."

ಪತ್ರಾಗಾರದಾಕೆ ಕತೆಯ ಪುಟವೊಂದನ್ನು ಆ ರುಜುವಿನ ಪಕ್ಕ ಇಟ್ಟು ನೋಡಿದಳು. ಪೆಟ್ಟಿಗೆ ಎತ್ತಿಕೊಂಡು, ಅಜ್ಜಿಯನ್ನೂ ಕರೆದುಕೊಂಡು ಸೀದಾ ನಿರ್ದೇಶಕರ ಕೋಣೆಗೆ ನುಗ್ಗಿದಳು. ಅವರು ರುಜು ನೋಡಿದರು, ಪುಟ ನೋಡಿದರು, ಆದರೂ ಪಟ್ಟು ಬಿಡಲಿಲ್ಲ.

"ಗಂಡ ಬರೆದದ್ದನ್ನ ನಕಲು ಮಾಡಿರ್ತಾರೆ ಬಿಡಮ್ಮ."

"ಇಲ್ನೋಡಿ ಸಾರ್. ಮೂರನೇ ಸಾಲಲ್ಲಿ ನರಿ ಸತ್ತಿದೆ. ಅದನ್ನ ಹೊಡೆದುಹಾಕಿ ಬದುಕಿಸಿದ್ದಾರೆ. ಕೆಳಗೆ ಮತ್ತೆ ಸಾಯಿಸಿ, ಮತ್ತೆ ಬದುಕಿಸಿದ್ದಾರೆ. ನಕಲು ಮಾಡೋರಿಗೆ ಯಾಕೆ ಸಾರ್ ಈ ಸಂಕಟ?"

"ಪಾಪ, ಮರಿಗಳಿದ್ವಲ್ಲ ಅದಕ್ಕೆ," ಎಂದರು ಅಜ್ಜಿ ಮೆಲ್ಲಗೆ. "ಸಾಯಿಸೋಕೆ ಮನಸ್ಸು ಬರ್ಲಿಲ್ಲ."

ನಿರ್ದೇಶಕರು ಪುಟವನ್ನು ಮತ್ತೊಮ್ಮೆ ಓದಿದರು. ಕೊನೆಗೆ ಎದ್ದು ನಿಂತು ಕೈಮುಗಿದರು. "ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ?"

"ಯಾರಾದ್ರೂ ಕೇಳಿದ್ರೆ ತಾನೆ?"

ಹೊಸ ಮುದ್ರಣ ಬಂದಾಗ ಹೊದಿಕೆಯ ಮೇಲೆ ಒಂದೇ ಹೆಸರಿತ್ತು, ಅಜ್ಜಿಯದು. ಮಗಳು ಪುಸ್ತಕವನ್ನು ಕೆನ್ನೆಗೊತ್ತಿಕೊಂಡು ಗಳಗಳನೆ ಅತ್ತಳು. ಪತ್ರಾಗಾರದಾಕೆಗೂ ಹೆಮ್ಮೆಯೆನಿಸಿತು. ಒಂದು ಪ್ರತಿಗೆ ಅಜ್ಜಿಯ ರುಜು ಹಾಕಿಸಿಕೊಂಡಳು. ಮಸಿ ಬಲಕ್ಕೆ ಹರಡಿತು. ಅಜ್ಜಿ ಸೆರಗಿನಿಂದ ಒರೆಸಲು ಹೋದಾಗ ಅವರ ಕೈ ಹಿಡಿದುಕೊಂಡಳು.

ಆಮೇಲೆ ಮೇಜಿಗೆ ಮರಳಿ, ಹಳೆಯ ಚೀಟಿಯಲ್ಲಿದ್ದ 'ಹಾನಿ'ಯನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದಳು: 'ಲೇಖಕಿಯ ಕೈ'.