ತೊಟ್ಟಿಲ ಹೆಸರು

ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ಹೆಸರು ಒಪ್ಪಿಸುವ ಹೆಳವರ ಚಾಮಯ್ಯ ವಂಶ ಹೇಳತೊಡಗಿದರೆ ನಡುವೆ ತಡೆಯುವಂತಿರಲಿಲ್ಲ. ತಡೆದರೆ ಮತ್ತೆ ಮೂಲಪುರುಷನಿಂದಲೇ ಶುರು. ತಿರುಮಕೂಡಲು ನರಸೀಪುರದ ತಾಲ್ಲೂಕು ಕಚೇರಿಯ ಗುಮಾಸ್ತನಿಗೆ ಇದು ಗೊತ್ತಿರಲಿಲ್ಲ. ಬರೆದುಕೊಳ್ಳಲಾಗದೆ ಅವನು ಎರಡು ಸಲ ಕೈ ಎತ್ತಿ ನಿಲ್ಲಿಸಿದ. ಎರಡು ಸಲವೂ ಚಾಮಯ್ಯ ಕಣ್ಣು ಮುಚ್ಚಿ, ಏಳು ತಲೆಮಾರಿನ ಹಿಂದೆ ಕಾಲುವೆ ದಡದಲ್ಲಿ ಗುಡಿಸಲು ಹಾಕಿದ ಮುದ್ದಯ್ಯನಿಗೆ ಹಿಂದಿರುಗಿದ.

"ಮುದ್ದಯ್ಯ ಮೂರ್ನೇ ಗುಡ್ಲು ಆಕ್ತಾವ್ನೆ ಸಾ" ಎಂದು ಜಗಲಿಯಲ್ಲಿ ಯಾರೋ ಅಂದರು. ವಿಚಾರಣೆಗೆ ಕೂತಿದ್ದ ಶೇಕದಾರ ಗಂಗಾಧರಸ್ವಾಮಿಯವರೂ ಮೀಸೆಯ ಒಳಗೆ ನಕ್ಕರು.

ಕಂಬದ ಪಕ್ಕ ಸೆರಗು ಹೊದ್ದು ಕೂತಿದ್ದ ಕೆಂಪಾಜಮ್ಮ ನಗಲಿಲ್ಲ. ಆಕೆಗೆ ಬೇಕಾಗಿದ್ದದ್ದು ಕೊನೆಯ ಎರಡು ಮಾತು. ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದಿಂದ ಮಗನ ಗಾಡಿಯಲ್ಲಿ ಹೊರಟು, ಹಿಂದಿನ ಸಂಜೆ ಛತ್ರದಲ್ಲಿ ತಂಗಿ, ಬೆಳಗ್ಗೆಯಿಂದ ಅದನ್ನೇ ಕಾದು ಕೂತಿದ್ದಳು. ಕೊನೆಗೆ ಚಾಮಯ್ಯ ಅಲ್ಲಿಗೆ ಬಂದ.

"ಬೋರಯ್ಯಂಗೆ ಇಬ್ರು ಗಂಡುಮಕ್ಳು. ಇರಿಯವ ದೊಡ್ಡಸಿದ್ದಯ್ಯ, ಅವ್ನಿಗೆ ಸಂತಾನ ಇಲ್ಲ. ಕಿರಿಯವ ಮಾದಯ್ಯ, ಎಂಡ್ತಿ ಕೆಂಪಾಜಮ್ಮ. ಅವ್ರಿಗೊಬ್ಬ ಗಂಡುಮಗ, ತಾತನ ಎಸ್ರು ಮಡಗಿ ಬೋರಯ್ಯ. ತೊಟ್ಲಿಗೆ ಆಕಿದ ವರ್ಸ ನಮ್ಮಪ್ಪ ಬಂದು ಒಪ್ಸಿಕೊಂಡಿದ್ದು. ಮುಂದಿನ ಸಲ ಬರೋವೊತ್ಗೆ ಮಾದಯ್ಯನ ಮನೆ ಬಾಗ್ಲು ಮುಚ್ಚಿತ್ತು."

ಮೂವತ್ತೆರಡು ವರ್ಷದ ಹಿಂದಿನ ಧಾತು ಸಂವತ್ಸರದ ಬರದಲ್ಲಿ ಮುಚ್ಚಿದ ಬಾಗಿಲು ಅದು. ಸೋಸಲೆಯ ಆಚೆಗಿನ ಆ ಹಳ್ಳಿಯಲ್ಲಿ ನೀರುಗಂಟಿಕೆ ಆ ಮನೆತನದ್ದು. ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು ಅವರ ಕೆಲಸ. ಅದಕ್ಕೊಂದು ತುಂಡು ಉಂಬಳಿ ಗದ್ದೆಯೂ ಇತ್ತು. ಊರಲ್ಲೇ ಉಳಿದು ಬದುಕಿಕೊಂಡ ದೊಡ್ಡಸಿದ್ದಯ್ಯ ಎಂಟು ತಿಂಗಳ ಹಿಂದೆ ತೀರಿಕೊಂಡ. ವಾರಸುದಾರರಿದ್ದರೆ ಬಂದು ರುಜುವಾತು ಮಾಡಬೇಕೆಂದು ಸರ್ಕಾರ ತಮಟೆ ಹೊಡೆಸಿತು. ಸುದ್ದಿ ಸಂತೆಯಿಂದ ಸಂತೆಗೆ ದಾಟಿ ಹೆಮ್ಮರಗಾಲಕ್ಕೂ ಬಂತು.

ಕೆಂಪಾಜಮ್ಮ ಹೊರಟದ್ದು ಗದ್ದೆಯ ಆಸೆಗಲ್ಲ. ಅಣ್ಣನ ಊರಾದ ಹೆಮ್ಮರಗಾಲದಲ್ಲಿ ಆಕೆ ಮಗನನ್ನು ಸಾಕಿದ್ದಳು, ಮದುವೆ ಮಾಡಿದ್ದಳು. ಮೊಮ್ಮಗಳನ್ನು ನೋಡಲು ಈಗ ಗಂಡಿನ ಕಡೆಯವರು ಬರುತ್ತಿದ್ದರು. ಬಂದವರು ಉಂಡು, ಎಲೆ ಅಡಿಕೆ ಹಾಕಿಕೊಂಡು, ಯಾವ ಮನೆತನ ಎಂದು ಕೇಳುತ್ತಿದ್ದರು. ಊರವರು "ಕೆಂಪಾಜಮ್ಮನ ಮಗ" ಎನ್ನುತ್ತಿದ್ದರು, ಅಷ್ಟೇ. ಎರಡು ಸಂಬಂಧ ಹಾಗೆಯೇ ತಿರುಗಿಹೋಗಿದ್ದವು.

ನೀರುಗಂಟಿಕೆ ತನಗೇ ಸೇರಬೇಕೆಂದು ಎದುರು ನಿಂತಿದ್ದವನು ಗಂಡನ ದಾಯಾದಿ ತಮ್ಮ ರಾಮಯ್ಯ. ಎಂಟು ತಿಂಗಳಿಂದ ತೂಬು ನೋಡಿಕೊಳ್ಳುತ್ತಿದ್ದವನು ಅವನೇ.

"ಅತ್ಗೆ ಮೇಲೆ ನಂಗೆ ಸಿಟ್ಟಿಲ್ಲ ಸಾ," ಎಂದ ರಾಮಯ್ಯ. "ಆಕೆ ನಮ್ಮ ಮಾದಣ್ಣನ ಎಂಡ್ತಿನೇ, ಅದಕ್ಕೆ ನಾನೇ ಸಾಕ್ಸಿ. ಆದ್ರೆ ಈ ಮಗ? ನಂಜನಗೂಡಿನ ಕಾಗ್ದದಲ್ಲಿ ಚಿಕ್ಕಸ್ವಾಮಿ ಅಂತದೆ. ಹೆಮ್ಮರಗಾಲದ ಕಾಗ್ದದಲ್ಲೂ ಚಿಕ್ಕಸ್ವಾಮಿ. ನಮ್ಮ ಮನೆ ಕೂಸು ಬೋರಯ್ಯ, ಹೆಳವನೇ ಏಳ್ದ. ಆ ಕೂಸು ದಾರೀಲಿ ಓಗೈತೆ ಸಾ. ಗಂಜಿಮನೆ ಮುಂದೆ ತಬ್ಬಲಿ ಮಕ್ಳು ಸಾಲಾಗಿ ಕೂತಿದ್ವಂತೆ. ಒಂದನ್ನ ಎತ್ಕೊಂಡು ಸಾಕವ್ಳೆ. ಪುಣ್ಯದ ಕೆಲ್ಸನೇ. ಪುಣ್ಯ ಮಾಡಿದ್ದಕ್ಕೆ ನೀರುಗಂಟಿಕೆ ಕೊಡಕ್ಕಾಯ್ತದಾ?"

ಶೇಕದಾರರು ನಂಜನಗೂಡು ಕಚೇರಿಯಿಂದ ತರಿಸಿದ ನಕಲನ್ನು ತಿರುಗಿಸಿ ನೋಡಿದರು. ಬರಗಾಲದ ಗಂಜಿಮನೆಯ ಪಟ್ಟಿ. 'ಚಿಕ್ಕಸ್ವಾಮಿ, ಗಂಡು, ಎರಡು ವರ್ಷ, ತಾಯಿ ಕೆಂಪಾಜಮ್ಮ.' ಹೆಸರು ಬಿಟ್ಟರೆ ಉಳಿದದ್ದೆಲ್ಲ ಹೊಂದುತ್ತಿತ್ತು.

"ನೋಡಿ ಅಮ್ಮ," ಎಂದರು. "ಗಂಡನ ಹೆಸರಾದರೆ ಗುಮಾಸ್ತರು ಓದುತ್ತಾರೆ, ನೀವು ತಲೆ ಆಡಿಸಿದರೆ ಸಾಕು. ಹೆಂಗಸರಿಗೆಲ್ಲ ನಾವು ಹಾಗೇ ಮಾಡೋದು. ಆದರೆ ಇಲ್ಲಿ ತಕರಾರು ಇರೋದೇ ಮಗನ ಹೆಸರಿನ ಮೇಲೆ. ಇನ್ನೊಬ್ಬರು ಹೇಳಿ ನೀವು ತಲೆ ಆಡಿಸಿದರೆ ಸಾಕ್ಷಿ ನಿಮ್ಮದಾಗೋಲ್ಲ. ತೊಟ್ಟಿಲಲ್ಲಿ ಇಟ್ಟ ಹೆಸರೇನು, ನೀವೇ ಹೇಳಿ."

ಕೆಂಪಾಜಮ್ಮ ಬಾಯಿ ತೆರೆದಳು. ಗುಮಾಸ್ತ ಲೇಖನಿ ಅದ್ದಿಕೊಂಡು ಕಾದ. ನಾಲಿಗೆ ಹೊರಳಲಿಲ್ಲ. ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದಳು.

"ಊಟ ಮಾಡಿ ಬನ್ನಿ" ಎಂದು ಶೇಕದಾರರು ಎದ್ದರು.

ಹೊರಗೆ ಹೊಂಗೆ ಮರದ ನೆರಳಲ್ಲಿ ಮಗ ಬುತ್ತಿ ಬಿಚ್ಚಿದ. ರಾಗಿ ಮುದ್ದೆ ಗಟ್ಟಿಯಾಗಿತ್ತು. ಹುರುಳಿ ಸಾರಿನಲ್ಲಿ ಅದ್ದಿ ಎರಡು ತುತ್ತು ನುಂಗಿದ ಮೇಲೆ ಕೇಳಿದ.

"ಅಲ್ಲ ಕಣವ್ವ, ಆ ಹೆಳವ ಏಳಿದ್ದು ನನ್ನ ಎಸ್ರಾ?"

ಕೆಂಪಾಜಮ್ಮ ಮುದ್ದೆ ಮುರಿದಳು.

"ಮೂವತ್ನಾಲ್ಕು ವರ್ಸ ಆಯ್ತು ನಂಗೆ. ನನ್ನೆಸ್ರು ಎತ್ತಿನ ಮೇಲೆ ಬಂದೋನಿಂದ ತಿಳ್ಕೊಬೇಕಾ?"

"ಮಾವಯ್ಯನ ಎಸ್ರು ಕಣಪ್ಪ ಅದು."

"ತಾತ ಸತ್ತು ಎಷ್ಟು ಕಾಲ ಆಯ್ತು."

"ಸತ್ರೆ ಮಾವಯ್ಯ ಅಲ್ವಾ?"

ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ತರುವುದುಂಟೇ? ಕೂಸಿಗೆ ತಾತನ ಹೆಸರಿಟ್ಟರು. ಅತ್ತೆ ಸಣ್ಣತಾಯಮ್ಮನಿಗೆ ಅದು ಗಂಡನ ಹೆಸರು, ಆಕೆಯೂ ಹೇಳುವಂತಿಲ್ಲ. ಹೀಗಾಗಿ ಹೆಂಗಸರಿಬ್ಬರೂ ಕೂಸನ್ನು ಚಿಕ್ಕಸ್ವಾಮಿ ಎಂದು ಕರೆದರು. ತೊಟ್ಟಿಲ ಹೆಸರು ಗಂಡಸರ ಬಾಯಲ್ಲಿ ಮಾತ್ರ ಉಳಿಯಿತು. ಬರದಲ್ಲಿ ಅತ್ತೆ ಮಾವ ಹೋದರು. ಗಂಡ ನಂಜನಗೂಡು ಮುಟ್ಟುವ ಮೊದಲೇ ದಾರಿಯಲ್ಲಿ ಹೋದ. ಗಂಜಿಮನೆಯ ಬಾಗಿಲಲ್ಲಿ ಪಟ್ಟಿ ಬರೆಯುವವನು ಕೂಸಿನ ಹೆಸರು ಕೇಳಿದಾಗ, ತನ್ನ ನಾಲಿಗೆಗೆ ಸಲ್ಲುವ ಹೆಸರನ್ನೇ ಆಕೆ ಹೇಳಿದಳು. ಇನ್ನೊಂದು ಹೆಸರಿದೆ ಎಂದು ಹೇಳಬಲ್ಲ ಗಂಡಸು ಆಗ ಪಕ್ಕದಲ್ಲಿ ಇರಲಿಲ್ಲ. ಒಂದು ಕಾಗದಕ್ಕೆ ಹತ್ತಿದ ಹೆಸರು ಮುಂದಿನ ಕಾಗದಕ್ಕೂ ತಾನಾಗಿ ಹತ್ತಿತು.

"ಆಗ್ದಿದ್ರೆ ಬಿಡವ್ವ," ಎಂದ ಮಗ. "ಊರಿಗೋಗವ. ಕೆಂಪಾಜಮ್ಮನ ಮಗ ಅನ್ನಿಸಿಕೊಳ್ಳದೇನು ಕೀಳಲ್ಲ."

ಅವನು ಸಮಾಧಾನಕ್ಕೆ ಹೇಳಿದ್ದು. ಆದರೆ ಅದನ್ನು ಕೇಳಿ ಆಕೆ ಕೈಯಲ್ಲಿದ್ದ ತುತ್ತನ್ನು ಬುತ್ತಿಗೇ ಹಿಂದಿಟ್ಟಳು.

ಮರದ ಆಚೆ ಬದಿಯಲ್ಲಿ ರಾಮಯ್ಯನ ಕಡೆಯವರು ಕೂತಿದ್ದರು. ಕೆಂಪಾಜಮ್ಮನಿಗೆ ಸುತ್ತಲಿನವರನ್ನು ಗಮನಿಸುವುದು ಅಭ್ಯಾಸ. ಪರಸ್ಥಳದಲ್ಲಿ ಗಂಡನಿಲ್ಲದೆ ಮಗುವನ್ನು ಬೆಳೆಸಿದವಳಿಗೆ ಅದು ತಾನಾಗಿ ಬಂದಿತ್ತು. ರಾಮಯ್ಯನ ಹೆಂಡತಿ ಪುಟ್ಟಲಕ್ಷ್ಮಿ ಬುತ್ತಿ ಹಂಚುತ್ತಿದ್ದಳು. ಅವರ ಹಿರಿಯ ಮಗ, ಮೀಸೆ ಬಂದ ಆಳು, ಗಾಡಿಯ ಹತ್ತಿರ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ.

"ಲೇ ಕಾಳ, ಉಣ್ಣಕ್ಕೆ ಬಾರ್ಲಾ" ಎಂದು ರಾಮಯ್ಯ ಕೂಗಿದ.

ಅವನು ಬರಲಿಲ್ಲ. ಪುಟ್ಟಲಕ್ಷ್ಮಿ ತಲೆ ಎತ್ತಿ, "ಅಪ್ಪಣ್ಣ, ಸಾರು ಆರೋಯ್ತದೆ ಕಣಪ್ಪ" ಎಂದಳು.

ಕೆಂಪಾಜಮ್ಮ ಕೈ ತೊಳೆದುಕೊಂಡಳು. ರಾಮಯ್ಯನ ಅಪ್ಪ, ತನ್ನ ಗಂಡನ ಚಿಕ್ಕಪ್ಪ, ಆಕೆಗೆ ಚೆನ್ನಾಗಿ ನೆನಪಿತ್ತು. ಕಾಳಯ್ಯ. ಅದು ಚಿಕ್ಕಮಾವನ ಹೆಸರು. ಆಕೆ ಅದನ್ನು ಮನಸ್ಸಿನಲ್ಲೂ ಪೂರ್ತಿ ಹೇಳಿಕೊಳ್ಳಲಿಲ್ಲ.

ಮತ್ತೆ ಕಚೇರಿ ಸೇರಿದಾಗ ಆಕೆ ಕೂರಲಿಲ್ಲ. ಕಂಬ ಹಿಡಿದು ನಿಂತೇ ಮಾತಾಡಿದಳು.

"ಬುದ್ಧಿ, ನನ್ನ ಕೇಳೋಕೆ ಮುಂಚೆ ರಾಮಯ್ಯನ್ನ ಒಂದು ಮಾತು ಕೇಳಿ. ಅವನ ಇರೀಮಗನ ಎಸ್ರೇನು ಅಂತ."

ಶೇಕದಾರರು ರಾಮಯ್ಯನತ್ತ ತಿರುಗಿದರು.

"ಕಾಳಯ್ಯ ಸಾ. ನಮ್ಮಪ್ಪನ ಎಸ್ರು."

"ಈಗ ಪುಟ್ಟಲಕ್ಷ್ಮಿನ ಕೇಳಿ ಬುದ್ಧಿ."

ಬಾಗಿಲ ಹತ್ತಿರ ನಿಂತಿದ್ದ ಪುಟ್ಟಲಕ್ಷ್ಮಿ ಬೆಚ್ಚಿದಳು. ಶೇಕದಾರರು ಮೆಲ್ಲಗೆ, "ನಿಮ್ಮ ಹಿರಿಯ ಮಗನ ಹೆಸರೇನಮ್ಮ?" ಎಂದರು.

ಆಕೆ ಗಂಡನ ಮುಖ ನೋಡಿದಳು, ಕೆಂಪಾಜಮ್ಮನ ಮುಖ ನೋಡಿದಳು. ಸೆರಗು ಮುಂದಕ್ಕೆಳೆದುಕೊಂಡು, "ಅಪ್ಪಣ್ಣ" ಎಂದಳು.

ಜಗಲಿಯಲ್ಲಿ ನಗು ಎದ್ದಿತು. "ಅದ್ಯಾವ ಗಂಜಿಮನೇಲಿ ಸಿಕ್ದ ರಾಮಯ್ಯ?" ಎಂದು ಬೆಳಗಿನ ಅದೇ ದನಿ ಕೇಳಿತು. ರಾಮಯ್ಯ ತಲೆ ಕೆರೆದುಕೊಂಡ.

ಶೇಕದಾರರು ನಗಲಿಲ್ಲ. ನಕಲನ್ನು ಮತ್ತೊಮ್ಮೆ ನೋಡಿದರು. "ಇವರು ಊರು ಬಿಟ್ಟದ್ದು ಯಾವಾಗ?"

"ಯುಗಾದಿ ಕಳೆದ ವಾರಕ್ಕೆ ಸಾ," ಎಂದ ರಾಮಯ್ಯ. "ಕೂಸು ಕಂಕುಳಲ್ಲಿತ್ತು. ನಾನೇ ಊರ ಬಾಗ್ಲಗಂಟ ಬಂದಿದ್ದೆ."

"ಗಂಜಿಮನೆಯಲ್ಲಿ ಬರೆಸಿದ್ದು ಅದಾಗಿ ಇಪ್ಪತ್ತು ದಿನಕ್ಕೆ. ವಯಸ್ಸು ಸರಿಹೋಗುತ್ತೆ. ಹೆಸರೊಂದನ್ನು ಬಿಟ್ಟು ನಿನಗೆ ಬೇರೆ ಅನುಮಾನ ಇದೆಯಾ?"

ರಾಮಯ್ಯ ಮಗನ ಕಡೆ ನೋಡಿದ. ತನ್ನ ಮಗನ ಕಡೆಗಲ್ಲ, ಮಾದಯ್ಯನ ಮಗನ ಕಡೆಗೆ. "ಇಲ್ಲ ಸಾ," ಎಂದ.

"ಇನ್ನು ನೀವು ಹೇಳಬೇಕಮ್ಮ. ಇಷ್ಟಾದರೂ ಅದು ನಿಮ್ಮ ಬಾಯಿಂದಲೇ ಬರಬೇಕು. ಇಲ್ಲದಿದ್ದರೆ ನಾಳೆ ಮೇಲಿನ ಅಮಲ್ದಾರರು ನನ್ನನ್ನು ಕೇಳುತ್ತಾರೆ."

ಕೆಂಪಾಜಮ್ಮ ಕಂಬ ಬಿಟ್ಟಳು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ತಪ್ಪಾಯ್ತು ಮಾವಯ್ಯ" ಎಂದದ್ದು ಹತ್ತಿರದಲ್ಲಿದ್ದ ಗುಮಾಸ್ತನಿಗೆ ಮಾತ್ರ ಕೇಳಿಸಿತು. ಆಮೇಲೆ ಎದ್ದು ನಿಂತು, ಯಾರನ್ನೂ ನೋಡದೆ, ಹೆಸರು ಹೇಳಿದಳು.

"ಬೋರಯ್ಯ."

ಎಲೆ ಅಲ್ಲಾಡಿದಷ್ಟು ಸಣ್ಣ ದನಿ. ಆದರೂ ಗುಮಾಸ್ತ ಇನ್ನೊಮ್ಮೆ ಹೇಳಿ ಎನ್ನಲಿಲ್ಲ. ತಲೆ ತಗ್ಗಿಸಿ ಬರೆದ: 'ಬೋರಯ್ಯ ಉರುಫ್ ಚಿಕ್ಕಸ್ವಾಮಿ, ಬಿನ್ ಮಾದಯ್ಯ, ಬಿನ್ ಬೋರಯ್ಯ.' ಓದಿ ಹೇಳಿ, ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡ. ಅಮಲ್ದಾರರ ಹುಕುಂ ಬರಲು ಹದಿನೈದು ದಿನ ಹಿಡಿಯಬಹುದು, ತಾವು ಒಪ್ಪಿ ಬರೆಯುತ್ತೇವೆ ಎಂದರು ಶೇಕದಾರರು.

ಹೊರಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಮಗ ಗಾಡಿ ಕಟ್ಟಲು ಹೋದ. ಕೆಂಪಾಜಮ್ಮ ಮೆಟ್ಟಿಲ ಮೇಲೆಯೇ ನಿಂತಳು. ಹೆಬ್ಬೆಟ್ಟಿನ ಮಸಿಯನ್ನು ಕಂಬಕ್ಕೆ ಒರೆಸಿದರೂ ಹೋಗಲಿಲ್ಲ.

ರಾಮಯ್ಯ ಅವಳ ಪಕ್ಕದಿಂದ ಇಳಿದು ಹೋದ. ನಾಲ್ಕು ಹೆಜ್ಜೆ ನಡೆದು ನಿಂತ. ಗಾಡಿಯ ಕಡೆ ತಿರುಗಿ, ಸಲುಗೆಯೂ ಅಲ್ಲದ, ಸಿಟ್ಟೂ ಅಲ್ಲದ ದನಿಯಲ್ಲಿ ಕರೆದ.

"ಲೇ ಬೋರ. ಹುಕುಂ ಬಂದ್ಮೇಲೆ ಬರ್ಲಾ. ಮೂರ್ನೇ ತೂಬು ಸೋರ್ತದೆ, ಒಸಿ ತೋರ್ಸಬೇಕು."

ಮಗ ನೊಗ ಹಿಡಿದುಕೊಂಡೇ ತಿರುಗಿದ. "ಬತ್ತೀನಿ ಚಿಕ್ಕಪ್ಪ" ಎಂದ.

ಆ ಹೆಸರು ಗಂಡಸಿನ ಬಾಯಲ್ಲಿ ಹಾಗೆ, ಕೆಲಸಕ್ಕೆ ಕರೆಯುವ ದನಿಯಲ್ಲಿ, ಅಂಗಳದ ತುಂಬ ಕೇಳಿ ಎಷ್ಟು ಕಾಲವಾಗಿತ್ತು. ಕೆಂಪಾಜಮ್ಮ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಇಳಿದಳು.