ಕತ್ತರಿಯ ಅಭ್ಯರ್ಥಿ ಬ್ಯಾಟು ಹೊತ್ತ ಬೆಳಗು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದರಲ್ಲೇ ಎರಡು ಚಹಾ ಮುಗಿದವು. ಬ್ಯಾಟಿನಿಂದ ಶುರು ಮಾಡಿದರೆ ಕ್ರೀಡಾಪುಟಕ್ಕೆ ಹೋಗುತ್ತದೆ. ಸರ್ಪಂಚ್ ಚುನಾವಣೆಯಿಂದ ಶುರು ಮಾಡಿದರೆ ಮೊದಲ ಪುಟಕ್ಕೆ ಹೋಗುತ್ತದೆ. ಅಲ್ಲಿ ಜಾಹೀರಾತು ಬಂದರೆ ಕಥೆ ಬಿದ್ದುಹೋಗುತ್ತದೆ. ನನ್ನಿಂದ ಶುರು ಮಾಡಿದರೆ ಯಾರೂ ಓದುವುದಿಲ್ಲ. ಆದ್ದರಿಂದ ನನ್ನಿಂದಲೇ ಶುರು ಮಾಡುತ್ತೇನೆ.

ನಾನು ಗುರುಲಿಂಗ. ರಾಜ್ಯದ ಗಡಿಯಾಚೆಯ ನಾರಾಯಣಖೇಡ್ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಬೀದರಿನ ಒಂದು ವಾರಪತ್ರಿಕೆಗೆ ಹನ್ನೊಂದು ವರ್ಷದಿಂದ ಅಂಕಣ ಬರೆಯುತ್ತಿದ್ದೇನೆ. ಅಂಕಣದ ಹೆಸರು ‘ಮೂರನೇ ಅಂಪೈರ್’. ರಾಜಕೀಯ, ಕ್ರಿಕೆಟ್ಟು, ಎರಡರ ಬಗ್ಗೆಯೂ ನನಗೆ ಅಭಿಪ್ರಾಯಗಳಿವೆ. ಮೂರನೇ ಅಂಪೈರ್ ಮೈದಾನಕ್ಕೆ ಇಳಿಯುವುದಿಲ್ಲ, ಬಿಸಿಲಲ್ಲಿ ನಿಲ್ಲುವುದಿಲ್ಲ. ಒಳಗೆ ಕೂತು ಟಿವಿ ನೋಡಿ ಔಟೋ ಅಲ್ಲವೋ ಹೇಳುತ್ತಾನೆ. ಆ ಕೆಲಸ ನನ್ನ ಸ್ವಭಾವಕ್ಕೆ ಒಗ್ಗಿದೆ.

ಇವತ್ತು ಪಂಚಾಯತಿ ಮತದಾನ. ರಜೆ ಹಾಕಿ ಬೆಳಿಗ್ಗೆ ಆರಕ್ಕೇ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಮೂಲೆ ಟೇಬಲ್ ಹಿಡಿದಿದ್ದೇನೆ. [ನನ್ನ ವೋಟು ಮನೂರ್ ಕಡೆಯ ನಮ್ಮೂರಲ್ಲಿದೆ. ಶೇರ್ ಆಟೋದಲ್ಲಿ ಮುಕ್ಕಾಲು ಗಂಟೆ. ಸಂಜೆ ಐದರವರೆಗೆ ಸಮಯ ಇದೆ. ಈ ಪ್ಯಾರಾ ಮುಗಿಸಿ ಹೊರಡುತ್ತೇನೆ.]

೨

ಮೊದಲ ಡ್ರಾಫ್ಟು ಹೀಗಿತ್ತು:

“ಆಟಗಾರರನ್ನು ಹರಾಜು ಹಾಕುತ್ತಾರೆಂದು ಮೂಗು ಮುರಿಯುವವರಿದ್ದಾರೆ. ನನಗೆ ಐಪಿಎಲ್ ಹರಾಜಿನ ಬಗ್ಗೆ ಗೌರವವಿದೆ. ಸುತ್ತಿಗೆ ಎಲ್ಲರೆದುರು ಬೀಳುತ್ತದೆ. ಯಾರು ಯಾವ ತಂಡಕ್ಕೆ ಹೋದರೆಂದು ಅದೇ ದಿನ ಗೊತ್ತಾಗುತ್ತದೆ. ಸೀಸನ್ ಮುಗಿಯುವವರೆಗೆ ಅದೇ ಜೆರ್ಸಿಯಲ್ಲಿ ಇರುತ್ತಾರೆ. ನಮ್ಮ ಶಾಸಕರು ಈ ಮಟ್ಟದ ವೃತ್ತಿಪರತೆಗೆ ಬರಲು ಇನ್ನೂ ಸಮಯ ಬೇಕು.”

ಓದಿಕೊಂಡೆ, ನನಗೇ ಇಷ್ಟವಾಯಿತು. ಆದರೆ ಇದರಲ್ಲಿ ಒಬ್ಬ ಮನುಷ್ಯನೂ ಇಲ್ಲ. ಕೈಬಿಟ್ಟೆ. [ಕೈಬಿಟ್ಟ ಮೇಲೂ ನಿಮಗೆ ಓದಿಸಿದೆ. ಅಂಕಣಕಾರರ ಚಟ.]

೩

ಮನುಷ್ಯರು ಬೇಕು ಅಂದರೆ ನನ್ನ ಅಕ್ಕ ಇದ್ದಾಳೆ. ಮಾಣಿಕಮ್ಮ. ನಮ್ಮೂರಲ್ಲೇ ಹುಟ್ಟಿ ನಮ್ಮೂರಿಗೇ ಸೊಸೆಯಾದವಳು. ಗಂಡ ಯಂಕಪ್ಪ ಕುರಿ ಸಾಕುತ್ತಾನೆ, ಸ್ವಲ್ಪ ತೊಗರಿ ಬೆಳೆಯುತ್ತಾನೆ. ಈ ಸಲ ಸರ್ಪಂಚ್ ಸೀಟು, ಅಂದರೆ ಪಂಚಾಯತಿ ಅಧ್ಯಕ್ಷಗಿರಿ, ಮಹಿಳೆಗೆ ಮೀಸಲಾಗಿ ಬಂತು. ಯಂಕಪ್ಪ ಹೆಂಡತಿಯ ಹೆಸರಲ್ಲಿ ನಾಮಿನೇಷನ್ ಹಾಕಿದ. ಹಾಕಿದ ಮೇಲೆ ಮನೆಗೆ ಬಂದು ಅವಳಿಗೆ ಹೇಳಿದ.

[ಇಲ್ಲಿ ಒಂದು ಅಭಿಪ್ರಾಯ. ಕ್ರಿಕೆಟ್ಟಿನಲ್ಲಿ ‘ಇಂಪ್ಯಾಕ್ಟ್ ಪ್ಲೇಯರ್’ ಅನ್ನುವ ನಿಯಮ ಬಂದಾಗ ದೊಡ್ಡ ದೊಡ್ಡವರೆಲ್ಲ ಚರ್ಚೆ ಮಾಡಿದರು. ಪಟ್ಟಿಯಲ್ಲಿ ಒಬ್ಬರ ಹೆಸರು, ಆಮೇಲೆ ಬಂದು ಬ್ಯಾಟ್ ಬೀಸುವವರು ಇನ್ನೊಬ್ಬರು. ನಮ್ಮ ಪಂಚಾಯತಿಗಳಲ್ಲಿ ಈ ನಿಯಮ ಮೂವತ್ತು ವರ್ಷದಿಂದ ಜಾರಿಯಲ್ಲಿದೆ. ನಮ್ಮಲ್ಲಿ ಅದಕ್ಕೆ ಸರ್ಪಂಚರ ಗಂಡ ಅನ್ನುತ್ತಾರೆ.]

ಪಂಚಾಯತಿ ಚುನಾವಣೆಯಲ್ಲಿ ಪಾರ್ಟಿಗಳ ಗುರುತು ಇರುವುದಿಲ್ಲ. ಆಫೀಸಿನವರು ಪಟ್ಟಿಯಿಂದ ಒಂದೊಂದು ಹಂಚುತ್ತಾರೆ. ಅಕ್ಕನಿಗೆ ಕತ್ತರಿ ಬಂತು. ಎದುರಾಳಿ ಭೂದೇವಿಗೆ ಬ್ಯಾಟು ಬಂತು.

೪

ಯಂಕಪ್ಪನ ಕಣ್ಣಿಗೆ ಅಂದಿನಿಂದ ಊರೆಲ್ಲ ಬ್ಯಾಟೇ ಕಂಡಿತು. ಶಾಲೆಯ ಪಕ್ಕದ ಬಯಲಲ್ಲಿ ಹುಡುಗರು ದಿನಾ ಆಡುತ್ತಾರೆ. ಇದು ಭೂದೇವಿಗೆ ಬಿಟ್ಟಿ ಪ್ರಚಾರ, ಶಾಲೆಯೇ ಮತಗಟ್ಟೆ ಬೇರೆ, ನಿಲ್ಲಿಸಿ ಎಂದು ದೂರು ಕೊಟ್ಟ. ದೂರು ತೆಗೆದುಕೊಂಡ ಅಧಿಕಾರಿ ಬಹಳ ಯೋಚಿಸಿರಬೇಕು. ಚುನಾವಣೆ ಬಂದರೆ ಲೈಸೆನ್ಸ್ ಇದ್ದವರು ಬಂದೂಕು ತಂದು ಒಪ್ಪಿಸುವ ಪದ್ಧತಿ ಇದೆ. ನಮ್ಮೂರಲ್ಲಿ ಬಂದೂಕಿಲ್ಲ. ಮತದಾನ ಮುಗಿಯುವವರೆಗೆ ಬ್ಯಾಟುಗಳನ್ನು ಶಾಲೆಯ ಸಾಮಾನು ಕೋಣೆಯಲ್ಲಿ ಇಡತಕ್ಕದ್ದು ಎಂದು ಆದೇಶವಾಯಿತು.

ಆರು ಬ್ಯಾಟು ಬಂದವು. ಆಗ ಭೂದೇವಿ ಬೀದಿಯಲ್ಲಿ ನಿಂತು ಹೇಳಿದಳಂತೆ, “ಯಂಕಪ್ಪಣ್ಣಾ, ನಿಮ್ಮ ಮನ್ಯಾಗೂ ಒಂದು ಅದ ಅಲ್ಲ. ಅದೇನು ಮುದ್ದಿ ತಿರುವೋ ಕೋಲೇನು? ಅದನ್ನೂ ಇಡ್ರಿ.”

ಏಳನೆಯದು ಲಾವಣ್ಯಳದು. ಅಕ್ಕನ ಮಗಳು, ಹತ್ತೊಂಬತ್ತು ವರ್ಷ, ಎಡಗೈ ಆಟಗಾರ್ತಿ. ಎರಡು ಟಗರು ಮಾರಿ ಯಂಕಪ್ಪನೇ ಕೊಡಿಸಿದ ಬ್ಯಾಟು. ಅವನೇ ಹೊತ್ತುಕೊಂಡು ಹೋಗಿ ಕೋಣೆಯಲ್ಲಿಟ್ಟು ಬಂದ.

ನಿನ್ನೆ ಸಂಜೆ ಲಾವಣ್ಯಳ ಫೋನಿಗೆ ಮೆಸೇಜು ಬಂತು. ಹೈದರಾಬಾದಿನ ಒಂದು ಮಹಿಳಾ ತಂಡದವರು ಜಹೀರಾಬಾದಿನಲ್ಲಿ ಟ್ರಯಲ್ಸ್ ಇಟ್ಟಿದ್ದಾರೆ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ, ನಿಮ್ಮ ನಿಮ್ಮ ಕಿಟ್ ತರತಕ್ಕದ್ದು. ಆಯ್ಕೆಯಾದರೆ ಸಂಬಳದ ಆಟ.

[ಓದುಗರೇ, ನನಗೆ ಗೊತ್ತು. ತಂದೆ ಕೊಟ್ಟ ದೂರಿಗೆ ಮಗಳ ಬ್ಯಾಟು ಒಳಗೆ ಹೋಗುವುದು ತೀರಾ ಕಟ್ಟಿದ ಕಥೆಯ ಹಾಗಿದೆ. ಬೇರೆ ರೀತಿ ಬರೆದು ನೋಡಿದೆ. ಅದು ಇನ್ನೂ ನಂಬುವಂತಿರಲಿಲ್ಲ.]

೫

ಇಲ್ಲಿಯವರೆಗೆ ಬರೆದು ತಲೆ ಎತ್ತಿದರೆ ಟೇಬಲ್ಲಿನ ಎದುರು ಲಾವಣ್ಯಳೇ ನಿಂತಿದ್ದಳು. ಹೆಗಲ ಮೇಲೆ ಕಂಬಳಿಯಲ್ಲಿ ಸುತ್ತಿದ ಉದ್ದನೆಯದೇನೋ. ಏಳರ ಜಹೀರಾಬಾದ್ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು.

“ಮಾಮಾ, ಏನು ಬರೀಲಿಕತ್ತಿ?”

“ನಿನ್ನದೇ ಕಥೆ. ನೀ ಇಲ್ಲಿ ಬರಬಾರದಿತ್ತು. ನನ್ನ ಕಥ್ಯಾಗ ನಿನ್ನ ಬ್ಯಾಟ್ ಸಾಲ್ಯಾಗ ಅದ.”

“ತಗದೀವಿ,” ಅಂದಳು. ಹಾಳೆ ಎತ್ತಿ ಓದಿದಳು. “ಇದೇನಿದು, ಹರಾಜು, ಇಂಪ್ಯಾಕ್ಟ್ ಪ್ಲೇಯರು? ನಾ ಬರೋದರಾಗ ಅರ್ಧ ಕಥಿ ಮುಗದ್ಹೋಗ್ಯಾದ. ನೀ ನಾ ಆಡೋದು ಯಾವಾಗರ ನೋಡೀಯೇನು?”

ನೋಡಿಲ್ಲ. ಅವಳ ಬ್ಯಾಟಿಂಗ್ ಬಗ್ಗೆ ಎರಡು ಸಲ ಬರೆದಿದ್ದೇನೆ.

ಬೇರೆಯವರ ಬ್ಯಾಟು ಕೇಳಿ ಆಡಿದ್ದರೆ ಇಷ್ಟೆಲ್ಲ ರಗಳೆ ಇರುತ್ತಿರಲಿಲ್ಲವಲ್ಲ ಎಂದು ಲೇಖಕನಾಗಿ ಕೇಳಿದೆ.

“ನೀ ಬ್ಯಾರೆಯವರ ಚಸ್ಮಾ ಹಾಕ್ಕೊಂಡು ಬರೀತಿಯೇನು, ಮಾಮಾ?”

೬

ಬ್ಯಾಟು ಹೊರಬಂದ ಬಗೆ, ಅವಳು ಹೇಳಿದಂತೆ:

ಐದೂವರೆಗೆ ಅಕ್ಕ ಶಾಲೆಗೆ ಹೋದಳು. ಮತಗಟ್ಟೆಯ ಅಧಿಕಾರಿ ಯಾಮಿನಿ ಮೇಡಂ ತಾಂಡೂರಿನ ಕಡೆಯವರು, ಟೀಚರು. ಹಿಂದಿನ ದಿನವೇ ಬಂದು ಅಲ್ಲೇ ಮಲಗಿದ್ದವರು ಹಲ್ಲುಜ್ಜುತ್ತ ಎದ್ದು ಬಂದರು. ಬ್ಯಾಟು ಕೇಳುತ್ತಿರುವುದು ಕತ್ತರಿಯ ಅಭ್ಯರ್ಥಿ ಎಂದು ಗೊತ್ತಾದಾಗ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ದೂರು ಕೊಟ್ಟವರೇ ವಾಪಸು ಬರೆದುಕೊಡಬೇಕು ಎಂದು ಫೈಲು ತೆಗೆದರು.

ದೂರು ಮಾಣಿಕಮ್ಮನ ಹೆಸರಿನಲ್ಲಿತ್ತು. ಕೆಳಗೆ ಮಾಣಿಕಮ್ಮನ ಸಹಿ ಇತ್ತು. ಮಾಣಿಕಮ್ಮ ಅದನ್ನು ಮೊದಲ ಸಲ ನೋಡುತ್ತಿದ್ದಳು.

ಹತ್ತು ಜನ್ಮಕ್ಕಾಗುವಷ್ಟು ಹೊತ್ತು ನೋಡಿದಳು ಎಂದು ಬರೆದಿದ್ದೆ. ಲಾವಣ್ಯ ಹೊಡೆದುಹಾಕಿದಳು. “ಬಿಲ್ಕುಲ್ ಇಲ್ಲ ಮಾಮಾ. ಒಂದೇ ಸಲ ನೋಡಿದಳು. ‘ಪೆನ್ ಕೊಡ್ರಿ ಮೇಡಂ, ನನ್ನ ಸಹಿ ಹ್ಯಾಂಗಿರ್ತದ ತೋರಸ್ತೀನಿ’ ಅಂದಳು.”

ದೂರು ವಾಪಸು ಎಂದು ಬರೆದು ಸಹಿ ಮಾಡಿದಳು. ಏಳನೇ ಇಯತ್ತೆಯವರೆಗೆ ಓದಿದ ಅಕ್ಷರ, ಇಷ್ಟು ವರ್ಷದಲ್ಲಿ ಎಲ್ಲೂ ಕೆಲಸಕ್ಕೆ ಬಂದಿರಲಿಲ್ಲ. ಮೇಡಂ ಕಾಗದ ಇಟ್ಟುಕೊಂಡು, ಮುಚ್ಚಿ ಒಯ್ಯಿರಿ ಎಂದರು. ಅಕ್ಕ ಹೊದ್ದ ಕಂಬಳಿ ತೆಗೆದು ಸುತ್ತಿದಳು. ಹಿಡಿಕೆ ಹೊರಗೇ ಉಳಿಯಿತು. ಕಂಬಳಿಯಲ್ಲಿ ಏನಿದೆಯೆಂದು ಊರಿಗೆಲ್ಲ ಗೊತ್ತಾಯಿತು. ಸಾಲು ಹಚ್ಚಲು ಬರುತ್ತಿದ್ದವರ ಎದುರಿಗೇ ಅಕ್ಕ ಅದನ್ನು ಹೆಗಲ ಮೇಲಿಟ್ಟುಕೊಂಡು ಆಟೋ ನಿಲ್ಲುವವರೆಗೆ ನಡೆದಳು. ಯಂಕಪ್ಪ ಹಿಂದೆ ಓಡಿ ಬಂದ.

“ಏ, ತಲಿ ಕೆಟ್ಟದೇನು? ಭೂದೇವಿಗಿ ಪ್ರಚಾರ ಮಾಡ್ಲಿಕತ್ತಿಯಲ್ಲ!”

“ಹೌದು, ಮಾಡ್ತೀನಿ,” ಅಂದಳು ಅಕ್ಕ. “ನಿಂತಾಕಿ ನಾನೇ ಅಲ್ಲ? ಸೋತರ ನಾನೇ ಸೋಲ್ತೀನಿ.”

ವೋಟು ಹಾಕಿಯೇ ಹೋಗುತ್ತೇನೆ ಎಂದು ಲಾವಣ್ಯ ಹಟ ಮಾಡಿದಳಂತೆ. ಮತದಾನ ಶುರುವಾಗುವುದು ಏಳಕ್ಕೆ, ಬಸ್ಸು ಇರುವುದೂ ಏಳಕ್ಕೆ. ಅಕ್ಕ ಅವಳನ್ನು ಆಟೋದಲ್ಲಿ ಕೂರಿಸಿದಳು. “ನಿಂದೊಂದು ವೋಟ್ ಹೋದರ ಹೋಗಲಿ. ಗುರುಲಿಂಗ ಬರ್ತಾನಲ್ಲ.”

ಇದನ್ನು ಹೇಳುವಾಗ ಲಾವಣ್ಯ ನನ್ನ ಮುಖ ನೋಡಿದಳು. “ಬರ್ತಿಯಲ್ಲ ಮಾಮಾ? ನನ್ನ ವೋಟ್ ಅಂತೂ ಹೋತು. ನೀನರ ಹಾಕು.”

“ಇದೊಂದು ಪ್ಯಾರಾ ಮುಗಸ್ತೀನಿ, ಹೊಂಟೆ,” ಅಂದೆ.

೭

ಅವಳು ಹೋದ ಮೇಲೆ ಕಥೆ ಬಿಸಿಯಾಗಿತ್ತು. ಇಂಥ ವಸ್ತು ಹನ್ನೊಂದು ವರ್ಷದಲ್ಲಿ ಸಿಕ್ಕಿರಲಿಲ್ಲ. ಹೆಗಲ ಮೇಲೆ ಎದುರಾಳಿಯ ಗುರುತು ಹೊತ್ತು ನಡೆವ ಅಭ್ಯರ್ಥಿ! ಪ್ರಜಾಪ್ರಭುತ್ವದ ಬಗ್ಗೆ ನಾಲ್ಕು ಸಾಲು ಬರೆದೆ, ಹರಿದೆ. ಹಾಳೆಗಳು ಮುಗಿದವು, ಟಿಕೆಟ್ ಬಂಡಲ್ಲಿನ ಹಿಂದೆ ಬರೆದೆ.

ಹನ್ನೊಂದೂ ನಲವತ್ತಕ್ಕೆ ಯಂಕಪ್ಪ ಫೋನ್ ಮಾಡಿದ. ಹಿಂದೆ ಗದ್ದಲ. “ಗುರುಲಿಂಗ, ಎಲ್ಲಿದ್ದೀ? ಭಾಳ ಟೈಟ್ ಅದ. ಒಂದೊಂದು ವೋಟ್ ಹುಡುಕ್ಯಾಡ್ಲಿಕತ್ತೀವಿ. ಜಲ್ದಿ ಬಾ.”

“ಬರ್ತೀನಿ ಭಾವಾ, ಯಾಕ ಪರೇಶಾನ್ ಆಗ್ತಿ? ಇನ್ನೂ ಟೈಮ್ ಅದ.”

ಅವನು ಇನ್ನೂ ಏನೋ ಹೇಳುತ್ತಿದ್ದ. ನಾನು ಫೋನ್ ಇಟ್ಟು ಸೈಲೆಂಟಿಗೆ ಹಾಕಿದೆ.

೯

[ಎಂಟನ್ನು ತೆಗೆದುಹಾಕಿದ್ದೇನೆ. ಅದರಲ್ಲಿ ಬರೇ ಆಟೋ ತುಂಬುವುದನ್ನು ಕಾಯುತ್ತ ನಾನು ಮಾಡಿದ ಚಿಂತನೆಗಳಿದ್ದವು.]

ನಮ್ಮೂರು ಮುಟ್ಟಿದಾಗ ಒಂದೂ ಕಾಲು. ಶಾಲೆಯ ಗೇಟು ಹಾಕಿತ್ತು. ಊಟಕ್ಕೆ ಬಿಟ್ಟಿರಬೇಕು ಅಂದುಕೊಂಡೆ. ಕಾನ್‌ಸ್ಟೇಬಲ್ ನನ್ನ ವೋಟರ್ ಕಾರ್ಡು ನೋಡಿ, ನನ್ನನ್ನು ನೋಡಿ, ಮತ್ತೆ ಕಾರ್ಡು ನೋಡಿದ.

“ಪಂಚಾಯತಿ ಎಲೆಕ್ಷನ್ ಒಂದಕ್ಕೆ ಬಂದ್ ಆಗ್ತದ್ರಿ. ಸಣ್ಣ ಕೂಸಿಗೂ ಗೊತ್ತದ.”

ಸಂಜೆ ಐದು ಅನ್ನುವುದು ದೊಡ್ಡ ಚುನಾವಣೆಗಳ ಲೆಕ್ಕ. ನಾನು ಬರೆಯುತ್ತಿದ್ದುದು ಬರೇ ದೊಡ್ಡ ಚುನಾವಣೆಗಳ ಬಗ್ಗೆ. ನಮ್ಮೂರ ಚುನಾವಣೆಗೆ ಇದಕ್ಕೂ ಮೊದಲು ಎರಡು ಸಲ ಬಂದಿರಲಿಲ್ಲ. ಆಗಲೂ ಏನೋ ಬರೆಯುತ್ತಿದ್ದೆ.

ಎಣಿಕೆ ಎರಡಕ್ಕೆ. ಮುಕ್ಕಾಲು ಗಂಟೆ ಬೇವಿನ ಮರದ ಕೆಳಗೆ ಕೂತು ಕಥೆಗೆ ಅಂತ್ಯ ಹುಡುಕಿದೆ.

ಅಂತ್ಯ ಒಂದು: ನಾನು ಹನ್ನೆರಡೂ ಐವತ್ತಕ್ಕೆ ಬಂದು ವೋಟು ಹಾಕಿದ್ದೇನೆ. ಅಕ್ಕ ಒಂದು ವೋಟಿನಿಂದ ಗೆಲ್ಲುತ್ತಾಳೆ. ಲಾವಣ್ಯ ಆಯ್ಕೆಯಾಗುತ್ತಾಳೆ. ಸಂಪಾದಕರಿಗೆ ಇದು ಇಷ್ಟವಾಗುತ್ತದೆ.

ಅಂತ್ಯ ಎರಡು: ಅಕ್ಕ ಮೂವತ್ತು ವೋಟಿನಿಂದ ಸೋಲುತ್ತಾಳೆ. ಆಗ ನನ್ನ ಒಂದು ವೋಟಿನಿಂದ ಏನೂ ಆಗುತ್ತಿರಲಿಲ್ಲ. ನಿಜ ಹೇಳುತ್ತೇನೆ, ನಾನು ಬೇಡಿಕೊಂಡದ್ದು ಇದನ್ನೇ. ಒಡಹುಟ್ಟಿದ ಅಕ್ಕ ಮೂವತ್ತು ವೋಟಿನಿಂದ ಸೋಲಲಿ ಎಂದು ಬೇಡಿಕೊಂಡೆ. ನಾಚಿಕೆಯಾಗುತ್ತಿದೆ, ಆದರೂ ಬರೆದಿದ್ದೇನೆ, ಇರಲಿ.

೧೦

ಕತ್ತರಿ ೩೮೬. ಬ್ಯಾಟು ೩೮೬.

ಮತ್ತೊಮ್ಮೆ ಎಣಿಸಿದರು. ಅಷ್ಟೇ ಬಂತು. ಸಮ ಬಂದರೆ ಚೀಟಿ ಎತ್ತಬೇಕು ಎಂದು ಯಾಮಿನಿ ಮೇಡಂ ಹೇಳಿದರು. ಎರಡು ಚೀಟಿ ಬರೆದು ಎಲ್ಲರಿಗೂ ತೋರಿಸಿ, ಮಡಚಿ, ತಮ್ಮ ಸ್ಟೀಲ್ ಟಿಫಿನ್ ಡಬ್ಬಿಯಲ್ಲಿ ಹಾಕಿದರು. ಯಾರು ಎತ್ತಬೇಕು ಅನ್ನುವುದಕ್ಕೆ ಜಗಳ ಶುರುವಾಯಿತು. ಇವರು ಅಂದರೆ ಅವರಿಗೆ ಆಗದು, ಅವರು ಅಂದರೆ ಇವರಿಗೆ ಆಗದು.

ಆಗ ಭೂದೇವಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು.

“ಮೇಡಂ, ಅಂವಾ ತೆಗೀಲಿ,” ಅಂದಳು.

“ಅವರು ಮಾಣಿಕಮ್ಮನ ತಮ್ಮ ಅಲ್ವಾ?” ಮೇಡಂ ಕೇಳಿದರು.

“ಖರೆ, ತಮ್ಮನೇ. ಸ್ವಂತ ಅಕ್ಕಗ ವೋಟ್ ಹಾಕ್ಲಿಕ್ಕಿ ಬರಲಿಲ್ಲ. ಇವನಕಿಂತ ನಡುಮಧ್ಯದಂವ ಎಲ್ಲಿ ಸಿಗ್ತಾನ್ರಿ? ಪೇಪರಿನಾಗೂ ಹಂಗೇ ಬರಕೋತಾನ, ಮೂರನೇ ಅಂಪೈರ್ ಅಂತ.”

ಯಾರೂ ನಗಲಿಲ್ಲ. ಎರಡೂ ಕಡೆಯವರು ಒಪ್ಪಿದರು. ಹನ್ನೊಂದು ವರ್ಷದಲ್ಲಿ ನನ್ನ ನಿಷ್ಪಕ್ಷಪಾತಕ್ಕೆ ಸಿಕ್ಕ ಮೊದಲ ಮನ್ನಣೆ.

ಅಷ್ಟರಲ್ಲಿ ಅಕ್ಕನ ಫೋನು ಬಡಿಯಿತು. ಲಾವಣ್ಯ. ಅಕ್ಕ ಎಲ್ಲರನ್ನೂ ನಿಲ್ಲಿಸಿ ಮಾತಾಡಿದಳು. “ಆಡಿದಿ? ಎಷ್ಟು? … ಹನ್ನೊಂದು ಬಾಲು? ಹೆಸರು ಬರಕೊಂಡ್ರಾ? … ಉಂಡಿ? … ಇಲ್ಲಿದಾ? ಇಲ್ಲಿದು ಇನ್ನೂ ಆಗಿಲ್ಲ.” ಲಾವಣ್ಯ ಇನ್ನೇನೋ ಕೇಳಿದಳು. “ಹ್ಞಾಂ, ಮಾಮಾ ಬಂದಾನ,” ಅಂದಳು. ಫೋನ್ ಇಟ್ಟಳು.

೧೧

ಫಲಿತಾಂಶ ನನಗೆ ಗೊತ್ತು. ಊರಿಗೆಲ್ಲ ಗೊತ್ತು. ನೀವು ಮನೂರ್ ಕಡೆ ಯಾರಿಗಾದರೂ ಫೋನ್ ಮಾಡಿದರೆ ನಿಮಗೂ ಗೊತ್ತಾಗುತ್ತದೆ. ಓದಿ ನೋಡಿದ ಲಾವಣ್ಯ ಹೇಳಿದಳು, “ಮಾಮಾ, ಯಾರು ಗೆದ್ದರಂತ ಬರಿ. ಇಲ್ಲಾಂದ್ರ ಇದೆಂಥಾ ಕಥಿ?” ಇದನ್ನು ಮುಕ್ತ ಅಂತ್ಯ ಅನ್ನುತ್ತಾರೆ ಎಂದು ವಿವರಿಸಿದೆ. “ಇದಕ್ಕ ಅವ್ವ ಬ್ಯಾರೆ ಹೆಸರು ಇಟ್ಟಾಳ,” ಅಂದಳು. ಆ ಹೆಸರನ್ನು ಪತ್ರಿಕೆಯಲ್ಲಿ ಹಾಕುವಂತಿಲ್ಲ.

ಆದರೂ ಡಬ್ಬಿಯವರೆಗೆ ಮಾತ್ರ ಬರೆಯುತ್ತೇನೆ.

ಮುಚ್ಚಳ ತೆಗೆದರು. ಒಳಗಿಂದ ಚಿತ್ರಾನ್ನದ ವಾಸನೆ ಬಂತು. ಕೈ ಹಾಕಿದೆ. ಆ ದಿನ ಮೊದಲ ಸಲ ಅಕ್ಕ ನನ್ನನ್ನು ನೇರವಾಗಿ ನೋಡಿದಳು.

“ತೆಗಿ, ಗುರುಲಿಂಗ,” ಅಂದಳು. “ಈಗರ ಕೈ ಹಾಕಿದಿಯಲ್ಲ.”

ಬೆರಳಿಗೆ ಎರಡೂ ಚೀಟಿ ತಗುಲಿದವು. ಎರಡೂ ಒಂದೇ ಥರ ಮಡಚಿದ್ದವು. ಎಲ್ಲಿಯವರೆಗೆ ನಾನು ಮುಂದಿನ ಸಾಲು ಬರೆಯುವುದಿಲ್ಲವೋ ಅಲ್ಲಿಯವರೆಗೆ ನನ್ನ ಅಕ್ಕ ಸೋತಿಲ್ಲ.